ಎಂಟು ನಲವತ್ತೊಂದು

ಸ್ಟೇಟ್ ಬ್ಯಾಂಕ್, ಸ್ಟೇಟ್ ಬ್ಯಾಂಕ್ ಎಂದು
ಊರಿನ ಬಸ್ಸುಗಳೆಲ್ಲ ಕೂಗಿಕೊಂಡೇ ಬರುತ್ತವೆ.
ಇಳಿದವರಲ್ಲಿ ಬ್ಯಾಂಕಿಗೆ ಹೋಗುವವರನ್ನು
ಇಪ್ಪತ್ತೆರಡು ವರ್ಷದಲ್ಲಿ ನಾನು ಕಂಡದ್ದು ಕಡಿಮೆ.
ನಾನು ಟೈಮ್ ಕೀಪರ್. ಹೆಸರು ಲಿಗೋರಿ.
ಕಾಲವನ್ನು ಕಾಯುವವ ಅಂತ ಅರ್ಥ ಮಾಡಬೇಡಿ,
ಗೇಟಿನ ಹತ್ತಿರ ಕೊಡೆ ಹಿಡಿದು ನಿಲ್ಲುವವ,
ಯಾವ ಗಾಡಿ ಎಷ್ಟು ಹೊತ್ತಿಗೆ ಹೊರಟಿತೆಂದು
ಗೆರೆ ಎಳೆದ ಪುಸ್ತಕದಲ್ಲಿ ಬರೆಯುವವ.
ಒಂದರ ಹಿಂದೆ ಒಂದು, ನಡುವೆ ಮೂರು ನಿಮಿಷ.
ತಡವಾದರೆ ನಿಮಿಷಕ್ಕೆ ಇಷ್ಟು ಅಂತ ದಂಡ.
ಆ ಮೂರು ನಿಮಿಷಕ್ಕಾಗಿ
ಲಾಲ್‌ಬಾಗಿನಲ್ಲಿ ಕನ್ನಡಿ ಒಡೆದಿದೆ,
ಕುಂಟಿಕಾನದಲ್ಲಿ ಡ್ರೈವರು ಡ್ರೈವರಿನ ಕಾಲರು ಹಿಡಿದಿದ್ದಾನೆ,
ಮುದುಕರ ಒಂದು ಕಾಲು ಇನ್ನೂ ನೆಲದಲ್ಲಿರುವಾಗಲೇ
'ರೈಟ್, ಪೋಯಿ!'

ಮೊನ್ನೆ ಪುರಭವನದಲ್ಲಿ ಸಭೆ.
ಬಸ್ಸು ಇಲ್ಲೇ ನಿಲ್ಲಬೇಕೋ, ಪಂಪ್‌ವೆಲ್ಲಿಗೆ ಹೋಗಬೇಕೋ,
ಸರಕಾರಿಯೋ, ಖಾಸಗಿಯೋ, ರಸ್ತೆ ಏಕಮುಖವೋ.
ಮಾಲಕರ ಪರವಾಗಿ ಜಯವರ್ಮ ಬಲ್ಲಾಳರು
ಡೀಸೆಲಿನ ದರ ಹೇಳಿ ನೀರು ಕುಡಿದರು.
ರಿಕ್ಷಾದವರ ಯೂನಿಯನ್ನು ಬಾಗಿಲಲ್ಲೇ ನಿಂತಿತು,
ಕೂತರೆ ಒಪ್ಪಿದ ಹಾಗೆ ಎಂದು.
ಕಾಲೇಜಿನವ ಅಂತ ನಾವೆಣಿಸಿದ ಹುಡುಗ, ಶಮ್ಮಾಸ್, ತೊಕ್ಕೊಟ್ಟಿನವ,
ರಾತ್ರಿ ಒಂಬತ್ತರ ಮೇಲೆ ಬಸ್ಸೇ ಇಲ್ಲ ಅಂದ.
'ಒಂಬತ್ತರ ಮೇಲೆ ನಿನಗೆಂತ ಕೆಲಸ ಮಾರಾಯ?'
ಹಿಂದಿನ ಸಾಲಿನಿಂದ ಯಾರೋ.
'ಆಸ್ಪತ್ರೆಯ ಲಿಫ್ಟು ಓಡಿಸುವುದು,' ಅಂದ ಅವ.
ಇಂಜಿನಿಯರೊಬ್ಬರು ಗೋಡೆಯ ಮೇಲೆ ಬೆಳಕು ಬಿಟ್ಟು
ನೇತ್ರಾವತಿಯ ಮೇಲೆ ಹಳದಿ ರೈಲು ಓಡಿಸಿದರು.
ಕರೆಂಟು ಹೋಯಿತು.
ರೈಲು ಹೊಳೆಯ ನಡುವೆಯೇ ನಿಂತಿತು.

ಆ ಕತ್ತಲಲ್ಲಿ ಅಪ್ಪಿ ಎದ್ದಳು.
'ನೀವೆಲ್ಲ ಹೇಳಿದ್ದು ಸರಿಯೇ ಮಾರ್ರೆ,
ನನ್ನ ಬುಟ್ಟಿ ಯಾವ ಬಸ್ಸಿಗೆ?
ನೀರು ಸೋರ್ತದೆ ಅಂತಾರೆ, ವಾಸನೆ ಅಂತಾರೆ.
ಬೂತಾಯಿ ಬಾಯಿಗೆ ಹೋಗುವಾಗ ಇಲ್ಲದ ವಾಸನೆ
ಬೊಂದೇಲಿಗೆ ಹೋಗುವಾಗ ಮಾತ್ರ ಉಂಟಾ?
ನಾಲ್ಕು ಬಸ್ಸು ಬಿಟ್ಟು ಐದನೆಯದಕ್ಕೆ ಹತ್ತುತ್ತೇನೆ.
ಅಷ್ಟರಲ್ಲಿ ಐಸು ನೀರು, ಮೀನು ಮೆತ್ತಗೆ, ರೇಟು ಅರ್ಧ.'
ಸಭೆ ನಕ್ಕಿತು. ಅವಳು ನಗಲಿಲ್ಲ.

ಅಧ್ಯಕ್ಷರು ನನ್ನನ್ನು ಕರೆದರು.
'ನಿಮ್ಮಲ್ಲಿ ದಾಖಲೆ ಉಂಟಲ್ಲ, ನೋಡಿ,
ಇವರನ್ನು ಬಿಟ್ಟು ಹೋದದ್ದು ಹೌದಾ?'
ಮೊಬೈಲಿನ ಬೆಳಕಿನಲ್ಲಿ ಪುಸ್ತಕ ತೆರೆದೆ.
ಗಾಡಿಯ ಹೆಸರು, ರೂಟು, ಹೊತ್ತು, ಸಹಿ.
ಪುಟ ಮಗುಚಿದೆ. ಗಾಡಿಯ ಹೆಸರು, ರೂಟು, ಹೊತ್ತು.
ಅಪ್ಪಿ ಅದರಲ್ಲಿ ಇಲ್ಲ.
ಇಪ್ಪತ್ತೆರಡು ವರ್ಷ ಹೋದದ್ದನ್ನೇ ಬರೆದಿದ್ದೇನೆ,
ನಿಂತವರಿಗೆ ಅಂತ ಒಂದು ಗೆರೆ ಎಳೆದವನಲ್ಲ.
'ಇದರಲ್ಲಿ ಕಾಣುವುದಿಲ್ಲ ಸರ್,' ಅಂದೆ.
'ಕಾಣುವುದಿಲ್ಲ' ಅಂತ ಗುಮಾಸ್ತ ಬರೆದುಕೊಂಡ.
ಅವಳ ಮಾತು ಸುಳ್ಳು ಅಂತ ಆಯಿತಾ? ಈಗಲೂ ಗೊತ್ತಿಲ್ಲ.
ಆಮೇಲೆ ಸಮೋಸ, ಚಹಾ,
ಮುಂದಿನ ಸಭೆ ಮುಂದಿನ ತಿಂಗಳು.

ಇವತ್ತು ಬೆಳಿಗ್ಗೆ 'ಶ್ರೀ ಮಂದಾರ' ಗೇಟಿಗೆ ಬಂದಾಗ
ಅಪ್ಪಿ ಇನ್ನೂ ರಸ್ತೆಯ ಆಚೆ, ಧಕ್ಕೆಯ ಕಡೆಯಿಂದ,
ತಲೆಯ ಮೇಲೆ ಬುಟ್ಟಿ, ಒಂದು ಕೈ ಮೇಲೆ,
ಬಸ್ಸಿಗೋ, ಬುಟ್ಟಿಗೋ.
ಪೆನ್ನು ಅಲ್ಲಾಡಿಸಿದೆ, ಶಾಯಿ ಮುಗಿದವನ ಹಾಗೆ.
'ಪೊರ್ಬುಲೇ, ಬೇಗ ಬರೆಲೆ!' ಡ್ರೈವರ್ ವಸಂತ.
ಹಿಂದಿನ ಬಸ್ಸು ಹಾರ್ನಿನ ಮೇಲೆಯೇ ಮಲಗಿತು.
ಮತ್ತೂ ಅಲ್ಲಾಡಿಸಿದೆ.
ಕಂಡಕ್ಟರ್ ಹುಡುಗ ನನ್ನ ಮುಖ ನೋಡಿದ, ಅವಳನ್ನು ನೋಡಿದ,
ಬೈದುಕೊಂಡೇ ಇಳಿದು
ಬುಟ್ಟಿಯ ಒಂದು ಬದಿ ಹಿಡಿದ.

ಗಡಿಯಾರದಲ್ಲಿ ಎಂಟು ನಲವತ್ತಮೂರು.
ಬರೆದದ್ದು ಎಂಟು ನಲವತ್ತೊಂದು.
ನನ್ನ ತಲೆಯ ಮೇಲಿಂದ ಬುಟ್ಟಿ ಒಳಗೆ ಹೋಗುವಾಗ
ಹನಿಯೊಂದು ಪುಸ್ತಕದ ಮೇಲೆ ಬಿತ್ತು.
ಬೆರಳಿನಿಂದ ಒರೆಸಿದೆ, ಒಂದು ಹೋಗಿ ಏಳಿನ ಹಾಗೆ ಆಯಿತು.
ನಾಳೆ ಮಾಲಕರು ಕೇಳಿಯಾರು,
ಇದೆಂತ ಲಿಗೋರಿ, ಆರು ನಿಮಿಷ ಎಲ್ಲಿ ಹೋಯಿತು?
ಮೀನಿನ ನೀರು ಅನ್ನುತ್ತೇನೆ.
ಬೇಕಾದರೆ ಮೂಸಿ ನೋಡಲಿ.