ಜೋಡಿ

ಪಾಸ್‌ಪೋರ್ಟಿನ ಅರ್ಜಿಯಲ್ಲಿ ಒಂದು ಸಾಲು:
ದೇಹದ ಮೇಲಿನ ಗುರುತು.
ಹಾಲೇಶ ಬರೆದ: ಎಡಗಿವಿ ಮುದುಡಿದೆ.

ಆ ಕಿವಿ ನನ್ನ ಕೈಕೆಲಸ.
ಹಳೇ ಭದ್ರಾವತಿಯ ಗರಡಿಯಲ್ಲಿ, ಬೆಳಗಿನ ಐದಕ್ಕೆ,
ಆರು ವರ್ಷ ನನ್ನ ಹಣೆ ಅದನ್ನು ಅರೆದಿದೆ.
ರಕ್ತ ಹೆಪ್ಪುಗಟ್ಟಿ ಹುಣಸೆಬೀಜದಂತೆ ಗಟ್ಟಿಯಾದ ದಿನ
ಉಸ್ತಾದ್ ಕೆಂಚಪ್ಪನವರು ಹಿಂಡಿ ನೋಡಿ
"ಈಗ ಪೈಲ್ವಾನ ಆದೆ" ಅಂದರು.
ನನ್ನ ಕಿವಿ ನೋಡಲಿಲ್ಲ.

ನಾನು ದಾದಾಪೀರ್, ಅರವತ್ತೊಂದು ಕೆ.ಜಿ.
ಅವನು ಐವತ್ತೇಳು.
ತನಗಿಂತ ಭಾರದವನ ಕೈಲಿ ಬಿದ್ದು ಕಲಿಯಬೇಕು, ಗರಡಿಯ ಲೆಕ್ಕ.
ಕಲಿತಾದ ಮೇಲೆ ಬೀಳುವವನು ನಾನು.

ಮೊದಲ ಸಲ ಉಲಾನ್‌ಬಾತರ್.
ಉಸ್ತಾದರ ಬಾಯಲ್ಲಿ ಅದು ಉಲ್ಲನ್ ಬಾತು.
ಉಲ್ಲನ್ ಅಂದಮೇಲೆ ಚಳಿ ಇರಲೇಬೇಕೆಂದು
ಅವನಕ್ಕ ಎರಡು ರಾತ್ರಿ ಕೂತು ಟೋಪಿ ಹೆಣೆದಳು.
ಏಪ್ರಿಲ್ ಬಿಸಿಲಲ್ಲಿ ರೇನ್‌ಕೋಟಿನೊಳಗೆ ಗೊಬ್ಬರದ ಚೀಲ ಸುತ್ತಿ
ಚಾನೆಲ್ ಏರಿಯ ಮೇಲೆ ಓಡಿದ.
ಪಕ್ಕದಲ್ಲಿ ಸೈಕಲ್ಲಲ್ಲಿ ನಾನು, ಕೈಯಲ್ಲಿ ಹಾಲಿನಪುಡಿಯ ಡಬ್ಬಿ.
"ಉಗುಳೋ, ಉಗುಳೂ ತೂಕವೇ."

ಸೋತು ಬಂದ ದಿನ ಸ್ಟೇಷನ್ನಿನಲ್ಲಿ ಯಾರೂ ಇರಲಿಲ್ಲ.
ಮನೆಗೆ ಹೋಗದೆ, ಬ್ಯಾಗು ಹೊತ್ತೇ ಗರಡಿಗೆ ಬಂದ.
"ನಿಲ್ಲು ಪೀರಾ. ಅವನು ಹೀಗೆ ಬಂದ."

ಹೀಗೆ ಬಂದರು ಎಲ್ಲರೂ.
ಹಿಮ್ಮಡಿ ಎರಡನ್ನೂ ಹೆಣೆದು
ಹಾಸಿಗೆ ಸುತ್ತಿದಂತೆ ಉರುಳಿಸಿದ ಮಂಗೋಲಿಯದವನು.
ಬಡ್ಡಿ ವಸೂಲಿಗೆ ಬಂದವನಂತೆ
ಮಣಿಕಟ್ಟು ಬಿಡದ ಟೆಹರಾನಿನವನು.
ತಾಷ್ಕೆಂಟಿನವನು, ಬಾವಿಯಿಂದ ಕೊಡ ಸೇದಿದ ಹಾಗೆ
ಎರಡೂ ತೊಡೆ ಸೇದಿದವನು.
ದಾವಣಗೆರೆ ದಾಟದ ನನ್ನ ಬೆನ್ನನ್ನು
ಏಳು ದೇಶಗಳು ಮಣ್ಣಿಗೆ ಹಚ್ಚಿವೆ,
ಎಲ್ಲವೂ ಹಾಲೇಶನ ಕೈಯಿಂದ.

ಗೆದ್ದ ಪಟ್ಟು ಮಾತ್ರ ತೋರಿಸುತ್ತಿರಲಿಲ್ಲ.
ಒಮ್ಮೆ ಕೇಳಿದೆ.
"ಅದು ನಿನಗೆ ಗೊತ್ತಲ್ಲೋ" ಅಂದ,
ಶೂ ಲೇಸು ಬಿಚ್ಚುತ್ತಾ.

ಬಿಷ್ಕೆಕ್‌ನಿಂದ ಕಂಚು ಬಂತು.
ಕೈಯಲ್ಲಿಟ್ಟುಕೊಂಡೆ, ಬಾಗಿಲ ಅಗುಳಿಯಷ್ಟು ಭಾರ.
ಬಸ್‌ಸ್ಟ್ಯಾಂಡಿನ ಫ್ಲೆಕ್ಸಿನಲ್ಲಿ ಅವನ ಬಲಗೆನ್ನೆ.
ಎಡಕ್ಕೆ ತಿರುಗಿದರೆ ಚೆನ್ನಾಗಿ ಕಾಣಲ್ಲ ಅಂದಿದ್ದನಂತೆ ಫೋಟೋದವನು.

ಕೊನೆಯದು ಸೋಫಿಯಾ.
ಕಾರ್ಖಾನೆ ಗೇಟಿನ ವೇಬ್ರಿಡ್ಜ್ ಕ್ಯಾಬಿನ್ನಿನಲ್ಲಿ
ಲಾರಿಯವರು ಚೀಟಿಗೆ ಕಾಯುವುದು ಬಿಟ್ಟು
ನನ್ನ ಫೋನಿಗೆ ಮುಗಿಬಿದ್ದರು.
ನಾಲ್ಕು ನಾಲ್ಕು. ಕೊನೆಯ ಅಂಕ ನಮ್ಮದು,
ಆದ್ದರಿಂದ ಗೆಲುವೂ ನಮ್ಮದೇ, ಇನ್ನು ಎಂಟು ಸೆಕೆಂಡು ನಿಂತರೆ.
ಅಲ್ಲೇ ಚಿತ್ರ ನಿಂತಿತು.
ಅವನ ಒಂದು ಕಾಲು ಗಾಳಿಯಲ್ಲಿ, ಅದರ ಮೇಲೆ ತಿರುಗುವ ಉಂಗುರ.
ನಾನು ಆ ಕಾಲನ್ನೇ ನೋಡುತ್ತಾ
ಇಳಿಸೋ, ಇಳಿಸೋ ಅಂದೆ.
ಉಂಗುರ ಹೋದಾಗ
ರೆಫ್ರಿ ಎತ್ತಿದ್ದು ಇನ್ನೊಬ್ಬನ ಕೈ.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂದ ಒಬ್ಬ ಡ್ರೈವರು, ಸಮಾಧಾನಕ್ಕೆ.
ಮ್ಯಾಟಿನ ಮೇಲೆ ಮಣ್ಣೆಲ್ಲಿದೆ?
ನಮ್ಮ ಮಟ್ಟಿಯಲ್ಲಾದರೆ
ಬಿದ್ದದ್ದು ಮೂರು ದಿನ ಉಗುರಲ್ಲಿ ಇರುತ್ತದೆ,
ಅರಿಸಿನ, ಮಜ್ಜಿಗೆ, ಎಳ್ಳೆಣ್ಣೆಯ ವಾಸನೆ.
ಅಲ್ಲಿ ಟವೆಲ್ಲಿನಲ್ಲಿ ಒರೆಸಿ ಮುಂದಿನ ಜೋಡಿ ಕರೆಯುತ್ತಾರೆ.

ಆ ಸಲ ಅವನು ಗರಡಿಗೆ ಬಂದದ್ದು ನಾಲ್ಕನೇ ದಿನ.
ನಿಲ್ಲು ಅನ್ನಲಿಲ್ಲ.
ನಾನೇ ಹೋಗಿ ಎದುರು ನಿಂತೆ.

ಈಗ ಹುಬ್ಬಳ್ಳಿಯಲ್ಲಿ ರೈಲ್ವೆ ಹುಡುಗರಿಗೆ ಕಲಿಸುತ್ತಾನೆ.
ಮೊನ್ನೆ ಬೆಳಗಿನ ಐದಕ್ಕೆ ಫೋನು:
"ಪೀರಾ, ಸೋಫಿಯಾದ ಆ ಹುಡುಗ
ಮೊದಲು ಯಾವ ಕಾಲಿಗೆ ಬಂದ?
ವಿಡಿಯೋದಲ್ಲಿ ರೆಫ್ರಿ ಅಡ್ಡ ಇದ್ದಾನೆ."

ನನಗೂ ನೆನಪಿರಲಿಲ್ಲ.
ಎದ್ದು ಅಡುಗೆಮನೆಗೆ ಹೋದೆ, ಗ್ರೈಂಡರ್ ಪಕ್ಕ ಜಾಗ ಮಾಡಿ,
ಫೋನನ್ನು ಭುಜಕ್ಕೆ ಕಚ್ಚಿ, ಬಗ್ಗಿ ನಿಂತೆ.
ಬಲಗಾಲು ತಾನಾಗಿ ಹಿಂದೆ ಸರಿಯಿತು.

"ಬಲಗಾಲು."
ಆ ಕಡೆ ಯಾವನೋ ಹುಡುಗನ ಏದುಸಿರು.
"ಹ್ಞೂ, ಬಲಗಾಲೇ" ಅಂದ ಹಾಲೇಶ, ನನಗಲ್ಲ, ಅವನಿಗೆ.
ಇಡದೆಯೇ ಮರೆತ ಫೋನಿನಲ್ಲಿ
ಒಂದು ಮೈ ಬಿದ್ದ ಸದ್ದು.

ನಾನಿನ್ನೂ ಬಗ್ಗಿಯೇ ಇದ್ದೆ.