ಇಳಿಯದ ಸ್ಟಾಪುಗಳು

ಇಪ್ಪತ್ತೊಂಬತ್ತು ವರ್ಷ ಬಸ್ಸಿನ ಹಿಂಬಾಗಿಲಲ್ಲಿ ನಿಂತು
ಮುಂಬಯಿಯ ಸಮುದ್ರವನ್ನು ಚಿಲ್ಲರೆ ಮಾರಿದೆ:
ಒಂದು ಅಕ್ಸಾ, ಎರಡು ಜುಹೂ, ಒಂದೂವರೆ ಗೋರಾಯಿ.
ಅರ್ಧ ಟಿಕೇಟು ಮಡಿಲ ಕೂಸಿಗಲ್ಲ,
ಕಂಬ ಹಿಡಿದು ಜೋಲುವ ಅದರ ಅಣ್ಣನಿಗೆ.
ನಾನು ಇಳಿದವನಲ್ಲ.
ಕಡೇ ಸ್ಟಾಪಿನಲ್ಲಿ ಆರು ನಿಮಿಷ, ಒಂದು ಕಟಿಂಗ್ ಚಾ,
ಗಂಟೆಯ ಹಗ್ಗ ಎರಡು ಸಲ ಜಗ್ಗಿದರೆ
ಸಮುದ್ರ ಬೆನ್ನ ಹಿಂದೆ.

ನಿವೃತ್ತಿಯ ಮರುವಾರ
ಚೀಲದ ಪಟ್ಟಿ ಇಲ್ಲದೆ ಭುಜ ಒಂದು ಕಡೆ ವಾಲುತ್ತ
ಕಿಟಕಿ ಪಕ್ಕ ಕೂತೆ.
ಹುಡುಗ ಕಂಡಕ್ಟರು ಕೇಳಿದ: ಎಲ್ಲಿಗೆ?
ಆ ಪ್ರಶ್ನೆ ನನ್ನದು.
ಉತ್ತರ ಹೇಳಿ ಅಭ್ಯಾಸವಿಲ್ಲ.

ಮೊದಲ ದಿನ ಪಾರ್ಕು.
ಬೋರ್ಡು ಪೂರ್ತಿ ಓದಿದೆ: ಚೆಂಡು ಆಡಬಾರದು,
ಹೂ ಕೀಳಬಾರದು, ಮಲಗಬಾರದು,
ಮಧ್ಯಾಹ್ನ ಬಾಗಿಲು ಹಾಕಲಾಗುವುದು.
ಹಾಕುವ ತನಕ ಕೂತೆ.
ಮಳೆಮರದ ಕೆಳಗೆ ನಗೆಕೂಟದ ಮುದುಕರು
ಕೈ ಎತ್ತಿ ಹ್ಹ ಹ್ಹ ಹ್ಹ ಎನ್ನುತ್ತಿದ್ದರು.
ಒಬ್ಬನಿಗೆ ಮಾತ್ರ ನಿಜವಾಗಿ ನಗು ಬಂದು
ನಿಲ್ಲಿಸಲಾಗದೆ ಹೋದಾಗ
ಉಳಿದವರು ಗಂಭೀರರಾದರು.

ಆಮೇಲೆ ಕಾನ್ಹೇರಿಯ ಹಾದಿ. ಮಂಗಗಳು,
ಸೌತೇಕಾಯಿ ಸೀಳಿ ಉಪ್ಪುಖಾರ ಸವರುವ ಹೆಂಗಸರು,
ಏದುಸಿರು.
ಗುಡ್ಡದ ಮೇಲೆ ಕಲ್ಲು ಕೊರೆದ ತೊಟ್ಟಿಗಳು,
ಒಂದರಿಂದೊಂದಕ್ಕೆ ಗೇಣಗಲದ ಕಾಲುವೆ,
ಮಳೆಗೆಂದೇ ಹಾಕಿದ ರೂಟು.
ಬಾಗಿ ಉಳಿಯ ಗೆರೆ ಮುಟ್ಟಿದೆ, ಗುರುತು ಸಿಕ್ಕಿತು.
ಇದು ನಮ್ಮ ಕಲ್ಲು!
ಸಿಂದಗಿ ಕಡೆ ಎರೆಮಣ್ಣು ಮುಗಿದಲ್ಲಿ
ಅಪ್ಪನ ಸುತ್ತಿಗೆಗೆ ಎದುರಾಡುತ್ತಿದ್ದ ಅದೇ ಕರಿಕಲ್ಲು.
ಇಪ್ಪತ್ತು ಮೊಳ, ಮೂವತ್ತು ಮೊಳ.
ಅಪ್ಪ ಕಾಣುತ್ತಿರಲಿಲ್ಲ,
ಏಟು ಬಿದ್ದಿದ್ದು ಮಾತ್ರ ಮೇಲೆ ಕೇಳುತ್ತಿತ್ತು.
ನೀರು ಒಸರಿದ ದಿನ
ಊರವರು ಕಾಯಿ ಕರ್ಪೂರ ಹುಡುಕುವ ಮೊದಲೇ
ಬೆರಳದ್ದಿ ನಾಲಗೆಗೆ ಮುಟ್ಟಿಸಿ
ತಳದಿಂದ ಒಂದೇ ಮಾತು ಕೂಗುತ್ತಿದ್ದ:
ಸಿಹಿ. ಇಲ್ಲವೇ, ಸವಳು.
ಸವಳಾದರೆ ಕೂಲಿ ಅರ್ಧ.

ನಿನ್ನೆ ಖಾರ್ ದಾಂಡಾ, ಇಳಿತದ ಹೊತ್ತು.
ನೀರು ಹಿಂದೆ ಸರಿದು ಕಲ್ಲು ಹೊರಬಿದ್ದಿತ್ತು,
ಮೈತುಂಬ ಸಿಂಪಿ, ಹಸಿರು ಲೋಳೆ,
ಯಾರದೋ ಒಂಟಿ ನೀಲಿ ಚಪ್ಪಲಿ.
ಅಷ್ಟು ದೂರದಿಂದ ನೆಲದಡಿ ನಡೆದು ಬಂದ ಕಲ್ಲು
ಇಲ್ಲಿ ಇಳಿದಿತ್ತು,
ಟಿಕೇಟಿಲ್ಲದೆ.
ನನ್ನ ಬೂಟು ಜಾರಿತು.
ಸಿಂಪಿ ಕೆತ್ತುತ್ತ ಕೂತಿದ್ದ ಧೋಂಡೂಬಾಯಿ ತಾಂಡೇಲ್
ತಲೆ ಎತ್ತದೆ ಅಂದಳು:
ಕಳಚಿಡು, ಕಾಲಿಗೂ ಕಣ್ಣಿದೆ.

ಅಂಗೈಯಷ್ಟು ಹೊಂಡ.
ಅದರೊಳಗೆ ತುಸು ಆಕಾಶ, ಮತ್ತು ಒಂದು ಏಡಿ
ಶಂಖ ಬದಲಿಸುತ್ತಿತ್ತು.
ಹಳೇ ಮನೆ ಬಿಟ್ಟು ಹೊಸದಕ್ಕೆ ಹೊಗುವ ನಡುವೆ
ಒಂದು ಗಳಿಗೆ ಬತ್ತಲೆ.
ಮುಖ ತಿರುಗಿಸಿದೆ.
ಆಮೇಲೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು
ಬೆರಳದ್ದಿದೆ. ನಾಲಗೆಗೆ ಮುಟ್ಟಿಸಿದೆ.

ಸವಳು! ಎಂದು ಕೂಗಿಯೇಬಿಟ್ಟೆ, ಕನ್ನಡದಲ್ಲಿ,
ಮೂವತ್ತು ಮೊಳ ಕೆಳಗಿನವನಿಗೆ ಕೇಳುವಂತೆ.
ಅಪ್ಪಾ, ನೀರು ಬಿತ್ತು. ಯಾವ ಬಾವಿಗೂ
ಇಷ್ಟು ಬಿದ್ದಿರಲಿಲ್ಲ.

ಕೂಗಿದ್ದು ತನಗೇ ಅಂದುಕೊಂಡಳೋ ಏನೋ,
ಹೌದಪ್ಪಾ, ಭರತಿ ಆಲೀ, ಎಂದು
ಧೋಂಡೂಬಾಯಿ ಬುಟ್ಟಿ ಎತ್ತಿ ನಡೆದಳು.
ನೀಲಿ ಚಪ್ಪಲಿ ಅಲುಗಾಡಿ ತೇಲಿತು.
ಬೂಟು ಯಾವ ಕಲ್ಲಿನ ಮೇಲೆ ಬಿಟ್ಟೆನೋ,
ನಾನು ಹುಡುಕುತ್ತಿರುವಾಗ
ನೀರು ಬಂದು
ಒಂದೊಂದೇ ಕಾಲ್ಬೆರಳು ಎಣಿಸತೊಡಗಿತು.