ಎಲೆ ಲೆಕ್ಕ

ಊರಲ್ಲಿ ಹೊಸ ಹೋಟೆಲು ಶುರುವಾದರೆ
ಬೋರ್ಡಿನ ಬಣ್ಣ ಒಣಗುವ ಮೊದಲೇ ನನಗೆ ಗೊತ್ತಾಗುತ್ತೆ.
ಗುರುತಿಲ್ಲದ ನಂಬರಿನಿಂದ ರಾತ್ರಿ ಒಂಬತ್ತಕ್ಕೆ ಫೋನು:
"ಎಲೆ ಹಾಕ್ತೀರಂತಲ್ಲ, ನಾಳೆಗೆ ಐವತ್ತು ಬೇಕಿತ್ತು."
ದನಿಯಲ್ಲೇ ತಿಳಿಯುತ್ತೆ, ಸಾಲ ಎಷ್ಟು, ಧೈರ್ಯ ಎಷ್ಟು.

ವರುಣಾ ನಾಲೆ ಬದಿಯ ತೋಟದಲ್ಲಿ ನಾಲ್ಕಕ್ಕೇ ಕೊಯ್ದು
ಹಸಿಗೋಣಿ ಸುತ್ತಿ ಟಿವಿಎಸ್ ಮೇಲೆ ಬಿಗಿದು ಹೊರಟರೆ
ರಿಂಗ್ ರೋಡಿನಲ್ಲಿ ಬೆಳಕು ಹರಿಯುವುದು ಹಿಂಕಲ್ ಹತ್ತಿರ.
ಅಂಗಿತೋಳಿನ ಬಾಳೆಕಲೆ
ಹೆಂಡತಿಯ ಯಾವ ಸೋಪಿಗೂ ಬಗ್ಗಿಲ್ಲ.

ಕುಡಿಯೆಲೆ ಕೇಳುವವರು ಬೇರೆ, ಸೀಳೆಲೆ ಕೇಳುವವರು ಬೇರೆ.
ಬೋಗಾದಿಯಾಚೆ ಗಾಜಿನ ಬಾಗಿಲಿನವನೊಬ್ಬ
ತಟ್ಟೆಗೆ ಸರಿಯಾಗಿ ದುಂಡಗೆ ಕತ್ತರಿಸಿ ಕೊಡಿ ಅಂದ,
ಬಾಳೆಲೆಗೆ ದರ್ಜಿ ಕೆಲಸ!
ಮೂರು ತಿಂಗಳಿಗೆ ಆ ಗಾಜಿನ ಮೇಲೆ 'ಬಾಡಿಗೆಗೆ ಇದೆ'.
ನನ್ನ ಎಂಟುನೂರು ಇನ್ನೂ ಅವನ ಹತ್ತಿರವೇ ಇದೆ.
ಇಲವಾಲದ ಮುನವ್ವರ್ ಪಾಷ ಮಾತ್ರ ಮೊದಲ ದಿನವೇ ಮುಂಗಡ ಕೊಟ್ಟ,
ಶುಕ್ರವಾರಕ್ಕೆ ಇನ್ನೂರು, ಕಣ್ಣು ಮುಚ್ಚಿಕೊಂಡು.

ಜನ ಹೋಟೆಲು ಹುಡುಕುವುದು ಮುಂಬಾಗಿಲಿಂದ,
ಘಮ ಹಿಡಿದು, ಫೋಟೋ ನೋಡಿ, ಅವರಿವರ ಮಾತು ಕೇಳಿ.
ನನ್ನದು ಹಿತ್ತಲ ದಾರಿ.
ಬೆಳಿಗ್ಗೆ ಕೊಟ್ಟ ಎಲೆ ಸಂಜೆ ಅಲ್ಲಿ
ನೀಲಿ ಡ್ರಮ್ಮಿನಲ್ಲಿ ಬಿದ್ದಿರುತ್ತೆ.
ದುಡ್ಡಿಗೆ ಹೋದವನು ಒಮ್ಮೆ ಬಗ್ಗಿ ನೋಡುತ್ತೇನೆ.
ಪಲ್ಯ ಹಾಗೇ ಉಳಿದಿದ್ದರೆ ಎಣ್ಣೆ ಹಳೆಯದು.
ಅನ್ನ ಗುಡ್ಡೆಯಾಗಿದ್ದರೆ ಸಾರು ಬರೀ ನೀರು.
ಹಪ್ಪಳವೊಂದೇ ಖಾಲಿಯಾಗಿದ್ದರೆ
ಆ ಹೋಟೆಲಿಗೆ ಮುಂದಿನ ತಿಂಗಳು ಸಾಲ ಕೊಡಬಾರದು.
ಕೈ ನೋಡಿ ಭವಿಷ್ಯ ಹೇಳುವವರಿದ್ದಾರೆ,
ನಾನು ಎಂಜಲು ನೋಡಿ.

ಇಪ್ಪತ್ತೆರಡು ವರ್ಷ. ಒಂದು ಕಡೆಯೂ ಕೂತು ಉಂಡವನಲ್ಲ.
ಬುತ್ತಿ ಇರುತ್ತಿತ್ತು, ಹೊತ್ತು ಇರುತ್ತಿರಲಿಲ್ಲ.
ಇನ್ನೊಂದು ಕಾರಣವೂ ಇತ್ತು, ಅದು ಈಗ ಬೇಡ.

ಕಡಕೊಳದ ದಾರಿಯಲ್ಲಿ, ಪಂಚರ್ ಅಂಗಡಿ ಮಗ್ಗುಲಿಗೆ,
ಶೀಟು ಹೊದಿಸಿದ ಒಂದೇ ಕೋಣೆ. ಬೋರ್ಡೂ ಇಲ್ಲ.
ಕೆಂಪಾಜಮ್ಮ. ಗಾರ್ಮೆಂಟ್ಸ್ ಮುಚ್ಚಿದ ಮೇಲೆ ಶುರು ಮಾಡಿದ್ದಂತೆ.
ದಿನಕ್ಕೆ ಮೂವತ್ತೆಲೆ.
ಹೋದ ಆಷಾಢದ ಒಂದು ಸಂಜೆ ಆಯಮ್ಮನ ಡ್ರಮ್ಮಿಗೆ ಬಗ್ಗಿದೆ.
ಎಲೆ ಖಾಲಿ.
ಮೂವತ್ತೂ ಖಾಲಿ. ಕರಿಬೇವು ಕೂಡ ಇಲ್ಲ.

ಮಾರನೆಯ ಮಧ್ಯಾಹ್ನ
ಚಪ್ಪಲಿ ಎಲ್ಲಿ ಬಿಡಬೇಕು ತಿಳಿಯದೆ ನಿಂತಿದ್ದೆ.
"ಯಾಕಣ್ಣ, ದುಡ್ಡು ಸಂಜೆಗಲ್ವ?"
"ಊಟಕ್ಕೆ" ಅಂದೆ. ಯಾರದೋ ದನಿ ಅನ್ನಿಸಿತು.

ಮುಂದೆ ಹಾಸಿದ್ದು ನಾನೇ ಕೊಯ್ದ ಎಲೆ.
ಅಂಚಿನ ಸೀಳು ಗುರುತು ಹತ್ತಿತು, ಹಗ್ಗ ಎಳೆದಾಗ ಆದದ್ದು.
ಬಿಸಿ ಮುದ್ದೆ ಕೂತ ಕಡೆ ಎಲೆ ಬೆವರಿ ಬಣ್ಣ ಬಿಟ್ಟಿತು,
ಅದರಿಂದ ಒಂದು ವಾಸನೆ ಎದ್ದಿತು,
ಇಷ್ಟು ವರ್ಷ ಎಲೆ ಹೊತ್ತವನ ಮೂಗಿಗೆ ಬೀಳದೇ ಇದ್ದದ್ದು.
ಹುರುಳಿಕಾಳಿನ ಉಪ್ಸಾರು, ಪಕ್ಕದಲ್ಲಿ ಹಸಿಮೆಣಸಿನ ಖಾರ.
ಮೂಗು ಸೋರಿತು. ಕಣ್ಣೂ. ಖಾರಕ್ಕೇ ಅಂತ ಇಟ್ಟುಕೊಳ್ಳೋಣ.
"ಇನ್ನೊಂದು ಅರ್ಧ ಮುದ್ದೆ ಇಕ್ಲಾ?"
ಬೇಡ ಅನ್ನಲು ಕೈ ಅಡ್ಡ ಹಿಡಿಯಬೇಕು.
ಹಿಡಿಯಲಿಲ್ಲ.

ಮೂರು ದಿನ ಯಾರಿಗೂ ಹೇಳಲಿಲ್ಲ.
ನಾಲ್ಕನೆಯ ದಿನ ಆಟೋ ಚೆಲುವರಾಜು ಹತ್ತಿರ ಬಾಯಿ ಜಾರಿತು.
ಮೂವತ್ತು ಅರವತ್ತಾಯಿತು, ಅರವತ್ತು ನೂರಾಹತ್ತು.
ಲೆಕ್ಕದ ಪ್ರಕಾರ ನಾನು ಗೆದ್ದೆ.

ಇವತ್ತು ಮಂಗಳವಾರ, ಒಂದೂವರೆ.
ನನ್ನ ಎಲೆಯ ಮುಂದೆ ಯಾವನೋ
ಹೆಲ್ಮೆಟ್ಟು ತೊಡೆ ಮೇಲಿಟ್ಟುಕೊಂಡು
ಮುದ್ದೆ ಅಗಿಯುತ್ತಿದ್ದಾನೆ, ನುಂಗಲು ಬಾರದವನು.
ಅವನ ಬೆನ್ನಿಗೆ ಅಂಟಿ ನಿಂತಿದ್ದೇನೆ,
ಬೇಗ ಏಳಲಿ ಅಂತ.
ನಿಧಾನ ಉಣ್ಣಲಿ ಅಂತಲೂ.